ಮರಗಪ್ಪೆಗಳ ಜಗಳ ಕೇಳಿಸಿದ ಡಬ್ಬಿ: ಎರಡು ಮಳೆಗಾಲ ಬಳಸಿದ ಮೇಲೆ

ಮರಕ್ಕೆ ಕಟ್ಟಿ ಬಿಟ್ಟು ಬರುವ ರೆಕಾರ್ಡರ್ ತಗೊಳ್ಳೋಣವಾ ಬೇಡವಾ ಅಂತ ಯೋಚಿಸುತ್ತಿರುವವರಿಗೆ, ಅದರಲ್ಲೂ ಮರಗಪ್ಪೆಗಳ ಕೂಗು ಕೇಳುವ ಆಸೆ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನೇರವಾಗಿ ಹೇಳಿಬಿಡುತ್ತೇನೆ. ತಗೊಳ್ಳಿ. ಆದರೆ ಇಡೀ ಕೊಳದ ಗದ್ದಲ ಹಿಡಿಯೋಕೆ ಅಂತ ತಗೊಳ್ಳಬೇಡಿ. ಅಕ್ಕಪಕ್ಕ ಕೂತ ಎರಡೇ ಎರಡು ಗಂಡುಗಳ ಮಧ್ಯೆ ಏನು ನಡೆಯುತ್ತದೆ ಅಂತ ಕೇಳೋಕೆ ತಗೊಳ್ಳಿ. ಈ ಡಬ್ಬಿ ನಿಜವಾಗಿ ಕೆಲಸಕ್ಕೆ ಬರುವುದು ಅಲ್ಲಿ. ಇಷ್ಟು ಅರ್ಥವಾಗೋಕೆ ನನಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು.

ಕಂಪನಿಯ ಹೆಸರು ಬರೆಯುವುದಿಲ್ಲ. ಈ ಥರದ ಡಬ್ಬಿ ಮಾಡುವವರು ಹಲವರಿದ್ದಾರೆ, ಒಳಗಿನ ಲೆಕ್ಕ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ. ನನ್ನದು ಅಂಗೈಗಿಂತ ಚಿಕ್ಕದು. ಮೂರು ಪೆನ್ಸಿಲ್ ಸೆಲ್, ಒಂದು ಮೆಮೊರಿ ಕಾರ್ಡ್, ಒಂದೇ ಒಂದು ಮೈಕ್. ಪರದೆ ಇಲ್ಲ, ಗುಂಡಿಗಳೂ ಇಲ್ಲ, ಒಂದು ಸ್ವಿಚ್ ಮಾತ್ರ. ಎಷ್ಟು ಹೊತ್ತಿಗೆ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಅಂತ ಮೊದಲೇ ಕಂಪ್ಯೂಟರಿಗೆ ಸಿಕ್ಕಿಸಿ ಹೇಳಿಕೊಟ್ಟರೆ ಸಾಕು, ಸಂಜೆ ಅದರ ಪಾಡಿಗೆ ಅದು ಏಳುತ್ತದೆ, ಕೇಳುತ್ತದೆ, ಹೇಳಿದ ಹೊತ್ತಿಗೆ ಮಲಗುತ್ತದೆ. ನಾವು ಅಲ್ಲಿ ಇರಬೇಕಿಲ್ಲ. ಕಪ್ಪೆಯ ವಿಷಯದಲ್ಲಿ ಇದು ದೊಡ್ಡ ಅನುಕೂಲ, ಏಕೆಂದರೆ ನಾವು ಹತ್ತಿರ ಹೋದ ಕೂಡಲೇ ಅವು ಸುಮ್ಮನಾಗಿಬಿಡುತ್ತವೆ. ಇಪ್ಪತ್ತು ನಿಮಿಷ ಅಲ್ಲಾಡದೆ ಕೂತರೂ ಮೊದಲಿನಷ್ಟು ಧೈರ್ಯದಿಂದ ಕೂಗುವುದಿಲ್ಲ.

ಸೆಟ್ಟಿಂಗ್ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು, ಮೊದಲ ವಾರದ ರೆಕಾರ್ಡಿಂಗ್ ಎಲ್ಲ ಹಾಳಾಗಿದ್ದು ಇಲ್ಲೇ. ಈ ಡಬ್ಬಿ ಬಾವಲಿಯ ಕೂಗನ್ನೂ ಹಿಡಿಯಬಲ್ಲದು. ಸೆಕೆಂಡಿಗೆ 3,84,000 ಸಲ ಸದ್ದನ್ನು ಅಳೆಯುತ್ತದೆ. ಸಂಖ್ಯೆ ದೊಡ್ಡದಿದ್ದಷ್ಟೂ ಒಳ್ಳೆಯದಿರಬೇಕು ಅಂತ ಅದನ್ನೇ ಇಟ್ಟೆ. ಕಾರ್ಡ್ ಬೇಗ ತುಂಬಿಹೋಯಿತು. ಕಪ್ಪೆಗೆ ಅದೆಲ್ಲ ಬೇಡವೇ ಬೇಡ. ಬಹುತೇಕ ಮರಗಪ್ಪೆಗಳ ಕೂಗಿನ ಮುಖ್ಯ ಭಾಗ 5 ಕಿಲೋಹರ್ಟ್ಸ್ (ಸೆಕೆಂಡಿಗೆ 5,000 ಕಂಪನ) ಒಳಗೇ ಇರುತ್ತದೆ. ಅಮೆರಿಕದ ಹಸಿರು ಮರಗಪ್ಪೆಯನ್ನೇ ತಗೊಳ್ಳಿ, ಅದರ ಕೂಗಿನಲ್ಲಿ ಎರಡು ಕಡೆ ಜೋರು ಇರುತ್ತದೆ, ಒಂದು 900 ಹರ್ಟ್ಸ್ ಆಸುಪಾಸು, ಇನ್ನೊಂದು 3,000 ಹರ್ಟ್ಸ್ ಆಸುಪಾಸು. ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತೇವೋ ಅದರ ಅರ್ಧದವರೆಗಿನ ಸದ್ದು ನಮಗೆ ಸಿಗುತ್ತದೆ. 32 ಕಿಲೋಹರ್ಟ್ಸ್ ಇಟ್ಟರೆ 16ರವರೆಗೆ ಸಿಗುತ್ತದೆ, ಅಷ್ಟು ಧಾರಾಳ ಸಾಕು. ಆಗ ಗಂಟೆಗೆ ಸುಮಾರು 230 ಎಂಬಿ ಆಗುತ್ತದೆ. ರಾತ್ರಿಗೆ ನಾಲ್ಕು ಗಂಟೆಯಂತೆ ಇಟ್ಟರೂ ಒಂದು ಜಿಬಿ ಆಗುವುದಿಲ್ಲ. 64 ಜಿಬಿ ಕಾರ್ಡ್ ಎರಡು ತಿಂಗಳಿಗೆ ಬರುತ್ತದೆ. ಸೆಲ್‌ಗಳೇ ಅದಕ್ಕಿಂತ ಮುಂಚೆ ಮುಗಿಯುತ್ತವೆ.

ಎರಡನೆಯದು ಗೇನ್, ಅಂದರೆ ಮೈಕ್ ಎಷ್ಟು ಚುರುಕಾಗಿ ಕೇಳಬೇಕು ಅನ್ನುವುದು. ಇದನ್ನು ಆದಷ್ಟು ಕಡಿಮೆ ಇಡಿ. ಮರಗಪ್ಪೆ ನೋಡೋಕೆ ಚಿಕ್ಕದು, ಸದ್ದು ಚಿಕ್ಕದಲ್ಲ. ಪೋರ್ಟೊರಿಕೊದ ಕೋಕಿ ಕಪ್ಪೆ ಅರ್ಧ ಮೀಟರ್ ದೂರದಲ್ಲಿ 90ರಿಂದ 100 ಡೆಸಿಬೆಲ್ ಮುಟ್ಟುತ್ತದೆ. ಅದು ನಮ್ಮ ಹೆಬ್ಬೆರಳಿನಷ್ಟಿರುವ ಪ್ರಾಣಿ. ಬಾಯಿ ಮುಚ್ಚಿಕೊಂಡೇ ಅಷ್ಟು ಜೋರು ಕೂಗುತ್ತದೆ ಅನ್ನುವುದು ಇನ್ನೂ ದೊಡ್ಡ ವಿಷಯ. ಶ್ವಾಸಕೋಶದ ಗಾಳಿಯನ್ನು ಗಂಟಲಿನ ಮೂಲಕ ಕೆಳಗಿನ ಚೀಲಕ್ಕೆ ತಳ್ಳುತ್ತದೆ, ಚೀಲ ಬಲೂನಿನ ಹಾಗೆ ಉಬ್ಬುತ್ತದೆ, ಅದೇ ಗಾಳಿ ವಾಪಸ್ ಒಳಗೆ ಹೋಗುತ್ತದೆ, ಮತ್ತೆ ಬರುತ್ತದೆ. ಗೇನ್ ಜಾಸ್ತಿ ಇಟ್ಟು ಹತ್ತಿರ ಕಟ್ಟಿದರೆ ಸದ್ದು ಒಡೆದುಹೋಗುತ್ತದೆ. ಒಡೆದ ಸದ್ದಿನಲ್ಲಿ ಎಲ್ಲ ಕೂಗೂ ಒಂದೇ ಥರ ಕಾಣುತ್ತದೆ, ಮಾಮೂಲಿ ಕೂಗು ಯಾವುದು, ಸಿಟ್ಟಿನ ಕೂಗು ಯಾವುದು ಅಂತ ಬೇರೆ ಮಾಡೋಕೆ ಆಗುವುದೇ ಇಲ್ಲ. ನನ್ನ ಮೊದಲ ಏಳು ರಾತ್ರಿಗಳು ಹಾಗೇ ಹೋದವು.

ಎಂಟನೇ ರಾತ್ರಿ ಗೇನ್ ಇಳಿಸಿ, ಕೊಳದ ಮೇಲೆ ಬಾಗಿದ ಒಂದು ಕೊಂಬೆಗೆ ಡಬ್ಬಿ ಕಟ್ಟಿದೆ. ಆ ಕೊಂಬೆಯಲ್ಲಿ ಒಂದು ಗಂಡು ದಿನಾ ಒಂದೇ ಜಾಗದಲ್ಲಿ ಕೂತು ಕೂಗುವುದನ್ನು ನೋಡಿದ್ದೆ. ನೊರೆಗೂಡು ಕಟ್ಟುವ ಜಾತಿಯ ಕಂದು ಮರಗಪ್ಪೆ. ಮಾರನೇ ದಿನ ನಾನೂ ನನ್ನ ತಮ್ಮನೂ ಹೆಡ್‌ಫೋನಿನ ಒಂದೊಂದು ಕಿವಿ ಹಂಚಿಕೊಂಡು ಕೂತೆವು. ಮೊದಲ ಅರ್ಧ ಗಂಟೆ ಬರೀ ಟಕ್, ಟಕ್, ಸ್ವಲ್ಪ ಬಿಟ್ಟು ಮತ್ತೆ ಟಕ್‌ಟಕ್. ಆಮೇಲೆ ದೂರದಲ್ಲಿ ಇನ್ನೊಂದು ಟಕ್. ಅದು ಸ್ವಲ್ಪ ಸ್ವಲ್ಪವೇ ಜೋರಾಗುತ್ತಾ ಬಂತು. ಹತ್ತಿರ ಬರುತ್ತಿದೆ ಅಂತ ಗೊತ್ತಾಗುತ್ತಿತ್ತು. ಇದ್ದಕ್ಕಿದ್ದಂತೆ ಮೊದಲಿನವನ ಕೂಗು ಬದಲಾಯಿತು. ಟಕ್ ಹೋಗಿ ಕ್ರ್‌ರ್‌ರ್ ಅಂತ ಒರಟಾದ, ಉದ್ದನೆಯ ಸದ್ದು.

ತಮ್ಮ ಹೆಡ್‌ಫೋನ್ ಒತ್ತಿ ಹಿಡಿದು ಹೇಳಿದ: "ಅಕ್ಕಾ, ಇದು ಬೇರೆ ಕಣೇ. ಇದು ಜಗಳ ಅಲ್ವಾ?"

ಜಗಳವೇ. ಬಂದವನೂ ಅದೇ ಒರಟು ಸದ್ದಿನಲ್ಲಿ ಉತ್ತರ ಕೊಟ್ಟ. ಆರೇಳು ಸಲ ಹಾಗೆ ಆದ ಮೇಲೆ ಎಲೆಯ ಮೇಲೆ ಏನೋ ಬಡಿದ ಸದ್ದು, ಕೊಂಬೆ ಅಲ್ಲಾಡಿದ ಸದ್ದು, ನೀರಿಗೆ ಏನೋ ಬಿದ್ದ ಸದ್ದು. ಆಮೇಲೆ ಸುಮಾರು ಒಂದು ನಿಮಿಷ ಏನೂ ಇಲ್ಲ. ನಂತರ ಒಬ್ಬನೇ, ಮತ್ತೆ ಟಕ್, ಟಕ್. ಅವನು ಮೊದಲಿನವನೋ ಬಂದವನೋ ಅಂತ ಕೇಳಿ ಹೇಳೋಕೆ ಆಗಲಿಲ್ಲ. ಆ ಐದು ನಿಮಿಷದ ತುಣುಕನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇಷ್ಟು ವರ್ಷ ಮಳೆ ಬಂದ ರಾತ್ರಿ ವಟವಟ ಅನ್ನುವುದನ್ನು ಒಂದೇ ಸದ್ದು ಅಂತ ಕೇಳಿಕೊಂಡು ಬಂದಿದ್ದೆ. ಅದರೊಳಗೆ ಇಷ್ಟು ಮಾತುಕತೆ ಇದೆ ಅಂತ ಹೊಳೆದೇ ಇರಲಿಲ್ಲ.

ಕೂಗುವುದು ಗಂಡುಗಳೇ. ಒಂದೇ ಕೂಗಿನಿಂದ ಎರಡು ಕೆಲಸ ಆಗಬೇಕು: ಹೆಣ್ಣಿಗೆ "ಇಲ್ಲಿದ್ದೇನೆ ಬಾ", ಇನ್ನೊಂದು ಗಂಡಿಗೆ "ಇಲ್ಲಿದ್ದೇನೆ, ದೂರ ಇರು". ಕೋಕಿ ಕಪ್ಪೆಯಲ್ಲಿ ಈ ಎರಡು ಕೆಲಸ ಎರಡು ಅಕ್ಷರಕ್ಕೆ ಹಂಚಿಹೋಗಿದೆ. ಅದರ ಕೂಗೇ ಕೋ-ಕೀ. 1976ರಲ್ಲಿ ಪೀಟರ್ ನಾರಿನ್ಸ್ ಮತ್ತು ರಾಬರ್ಟ್ ಕಾಪ್ರಾನಿಕಾ ಇದನ್ನು ತೋರಿಸಿದರು. 'ಕೋ' ಗಂಡುಗಳಿಗೆ, 'ಕೀ' ಹೆಣ್ಣುಗಳಿಗೆ. ಗಂಡಿನ ಕಿವಿ ಒಂದು ಭಾಗಕ್ಕೆ ಚುರುಕು, ಹೆಣ್ಣಿನ ಕಿವಿ ಇನ್ನೊಂದಕ್ಕೆ. ಒಂದೇ ಪದವನ್ನು ಗಂಡು ಹೆಣ್ಣು ಬೇರೆ ಬೇರೆಯಾಗಿ ಕೇಳಿಸಿಕೊಳ್ಳುತ್ತವೆ ಅನ್ನುವುದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಎಲ್ಲ ಜಾತಿಯಲ್ಲೂ ಹೀಗೆ ಸೀಳಿ ಇಟ್ಟಿರುವುದಿಲ್ಲ. ಬಹಳಷ್ಟು ಜಾತಿಗಳಲ್ಲಿ ಜಗಳಕ್ಕೆ ಬೇರೆಯದೇ ಕೂಗು ಇರುತ್ತದೆ. ಉತ್ತರ ಅಮೆರಿಕದ ಪುಟ್ಟ 'ಸ್ಪ್ರಿಂಗ್ ಪೀಪರ್' ಮಾಮೂಲಿಗೆ ಪೀಪ್ ಅನ್ನುತ್ತದೆ, ಪಕ್ಕದವನು ತೀರಾ ಹತ್ತಿರ ಬಂದರೆ ಉದ್ದಕ್ಕೆ ನಡುಗುವ ಸದ್ದು ಮಾಡುತ್ತದೆ. ಪನಾಮಾದ ಮರಳುಗಡಿಯಾರ ಕಪ್ಪೆ ಇನ್ನೂ ಸೂಕ್ಷ್ಮ, ಎದುರಾಳಿ ಹತ್ತಿರವಾದಷ್ಟೂ ಅದರ ಸಿಟ್ಟಿನ ಕೂಗಿನ ಮೊದಲ ತುಂಡು ಉದ್ದವಾಗುತ್ತಾ ಹೋಗುತ್ತದೆ. ಅಂದರೆ ಎಷ್ಟು ಸಿಟ್ಟು ಅನ್ನುವುದನ್ನೂ ಸದ್ದಿನಲ್ಲೇ ಅಳೆಯಬಹುದು.

ಈ ಡಬ್ಬಿ ನನಗೆ ಇಷ್ಟವಾಗಿದ್ದು ಇದಕ್ಕೇ. ಕಿವಿಗೆ ಬರೀ ಒರಟು ಅಂತ ಕೇಳಿಸಿದ್ದನ್ನು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ನೋಡಬಹುದು. ಸ್ಪೆಕ್ಟ್ರೋಗ್ರಾಂ ಅನ್ನುತ್ತಾರೆ. ಎಡದಿಂದ ಬಲಕ್ಕೆ ಹೊತ್ತು, ಕೆಳಗಿಂದ ಮೇಲಕ್ಕೆ ಸದ್ದಿನ ಎತ್ತರ (ಎಷ್ಟು ಹರ್ಟ್ಸ್ ಅನ್ನುವುದು), ಜೋರಿದ್ದಲ್ಲಿ ಗಾಢ ಬಣ್ಣ. ಅದನ್ನು ತೋರಿಸುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ನನ್ನ ಕೊಂಬೆಯ ಗಂಡಿನ ಮಾಮೂಲಿ ಟಕ್ ಒಂದು ಗಿಡ್ಡ ಗೆರೆ. ಸಿಟ್ಟಿನ ಕೂಗು ಬಾಚಣಿಗೆ ಹಲ್ಲಿನ ಹಾಗೆ ಒತ್ತೊತ್ತಾಗಿ ಹತ್ತಾರು ಗೆರೆ. ಒಮ್ಮೆ ಆ ಚಿತ್ರ ಕಣ್ಣಿಗೆ ಕೂತರೆ ನಾಲ್ಕು ಗಂಟೆಯ ರೆಕಾರ್ಡಿಂಗ್‌ನಲ್ಲಿ ಜಗಳ ಎಲ್ಲೆಲ್ಲಿ ಆಗಿದೆ ಅಂತ ಹತ್ತು ನಿಮಿಷದಲ್ಲಿ ಹುಡುಕಬಹುದು. ಸದ್ದು ಹಾಕಿ ಕೇಳುವ ಅಗತ್ಯವೇ ಇಲ್ಲ.

ಹೀಗೆ ಹುಡುಕುವಾಗ ಇನ್ನೊಂದು ವಿಷಯ ಸಿಕ್ಕಿತು. ಸಂಜೆ ಮೊದಲ ಒಂದು ಗಂಟೆಯಲ್ಲಿ ಜಗಳದ ಕೂಗು ಜಾಸ್ತಿ, ರಾತ್ರಿ ಬೆಳೆದಂತೆ ಕಡಿಮೆ. ಅದೇ ಇಬ್ಬರು ಅಷ್ಟೇ ದೂರದಲ್ಲಿ ಕೂತಿದ್ದರೂ ಸುಮ್ಮನೆ ಟಕ್ ಟಕ್ ಅನ್ನುತ್ತಿರುತ್ತಾರೆ. ಮೊದಲು ಸುಸ್ತಾಗಿರಬೇಕು ಅಂದುಕೊಂಡೆ. ಆಮೇಲೆ ಪೆಸಿಫಿಕ್ ಮರಗಪ್ಪೆಯ ಬಗ್ಗೆ ಓದಿದೆ. ಅದಕ್ಕೆ ಪಕ್ಕದವನ ಕೂಗು ಒಂದು ಮಟ್ಟಕ್ಕಿಂತ ಜೋರಾಗಿ ಕೇಳಿದರೆ ಸಿಟ್ಟು ಬರುತ್ತದೆ, ಆದರೆ ಅದೇ ಜೋರಿನಲ್ಲಿ ಕೇಳುತ್ತಲೇ ಇದ್ದರೆ ಆ ಮಟ್ಟವೇ ಮೇಲೆ ಹೋಗುತ್ತದೆ. ನೆರೆಯವನಿಗೆ ಒಗ್ಗಿಕೊಳ್ಳುತ್ತದೆ. ಹೊಸದಾಗಿ ಯಾರಾದರೂ ಇನ್ನೂ ಹತ್ತಿರ ಬಂದರೆ ಮಾತ್ರ ಮತ್ತೆ ಸಿಟ್ಟು. ನನ್ನ ಕೊಂಬೆಯಲ್ಲಿ ಆಗುತ್ತಿದ್ದುದು ಅದೇನಾ ಅಂತ ಸಾಬೀತು ಮಾಡುವಷ್ಟು ರೆಕಾರ್ಡಿಂಗ್ ನನ್ನ ಬಳಿ ಇಲ್ಲ. ಆದರೆ ಕೇಳೋಕೆ ಹಾಗೇ ಇದೆ.

ಸುಸ್ತಿನ ಮಾತೂ ಸುಳ್ಳಲ್ಲ. ಕೂಗುವುದು ಕಪ್ಪೆಗೆ ತುಂಬಾ ದುಬಾರಿ ಕೆಲಸ. ಬೂದು ಮರಗಪ್ಪೆಯನ್ನು ಪರೀಕ್ಷೆ ಮಾಡಿದಾಗ, ಬಲವಂತವಾಗಿ ಓಡಾಡಿಸಿದಾಗ ಬಳಸುವ ಆಮ್ಲಜನಕಕ್ಕಿಂತ ಜೋರಾಗಿ ಕೂಗುವಾಗ ಬಳಸುವುದೇ ಜಾಸ್ತಿ ಅಂತ ಗೊತ್ತಾಯಿತು. ಅದೇ ಜಾತಿಯ ಗಂಡುಗಳು ಸುತ್ತ ಪೈಪೋಟಿ ಹೆಚ್ಚಾದಾಗ ಒಂದೊಂದು ಕೂಗನ್ನೂ ಉದ್ದ ಮಾಡುತ್ತವೆ, ಆದರೆ ನಿಮಿಷಕ್ಕೆ ಕೂಗುವ ಸಲ ಕಡಿಮೆ ಮಾಡುತ್ತವೆ. ಒಟ್ಟು ಶ್ರಮ ಹೆಚ್ಚುಕಮ್ಮಿ ಅಷ್ಟೇ, ಖರ್ಚು ಮಾಡುವ ರೀತಿ ಬೇರೆ. ಏಕೆಂದರೆ ಹೆಣ್ಣಿಗೆ ಉದ್ದ ಕೂಗು ಇಷ್ಟ. ಇಷ್ಟಕ್ಕೆ ಕಾರಣವೂ ಇದೆ. 1998ರಲ್ಲಿ ಕಾರ್ಲ್ ಗೆರ್‌ಹಾರ್ಟ್ ಮತ್ತು ಜೊತೆಗಾರರು ಉದ್ದ ಕೂಗಿನ ಗಂಡಿನ ಮರಿಗಳನ್ನೂ ಗಿಡ್ಡ ಕೂಗಿನ ಗಂಡಿನ ಮರಿಗಳನ್ನೂ ಬೆಳೆಸಿ ನೋಡಿದರು. ಉದ್ದ ಕೂಗಿನ ಅಪ್ಪನ ಮರಿಗಳು ಒಟ್ಟಾರೆ ಚೆನ್ನಾಗಿ ಬೆಳೆದವು. ಇದನ್ನು ಓದಿದ ಮೇಲೆ ನಾನೂ ನನ್ನ ಡಬ್ಬಿಯ ರೆಕಾರ್ಡಿಂಗ್‌ನಲ್ಲಿ ನಿಮಿಷಕ್ಕೆ ಎಷ್ಟು ಕೂಗು ಅಂತ ಎಣಿಸಿ ಬರೆದಿಡೋಕೆ ಶುರು ಮಾಡಿದೆ. ನೀವೂ ಮಾಡಿ. ಜೊತೆಗೆ ಒಂದು ಥರ್ಮಾಮೀಟರ್ ಇಡಿ, ಇಲ್ಲವಾದರೆ ಎಣಿಸಿದ್ದು ಅರ್ಧ ವ್ಯರ್ಥ. ಚಳಿ ಇದ್ದ ರಾತ್ರಿ ಕೂಗು ನಿಧಾನ, ಸೆಕೆ ಇದ್ದರೆ ಚುರುಕು. ಬೂದು ಮರಗಪ್ಪೆಯಲ್ಲಂತೂ ಕೂಗಿನೊಳಗಿನ ಮಿಡಿತದ ವೇಗ ತಾಪಮಾನದ ಜೊತೆ ಏರಿಳಿಯುತ್ತದೆ, ಹೆಣ್ಣು ಬಯಸುವ ವೇಗವೂ ಅದರ ಜೊತೆಗೇ ಏರಿಳಿಯುತ್ತದೆ. ನನ್ನ ಡಬ್ಬಿ ಪ್ರತಿ ಫೈಲಿನ ಜೊತೆ ತಾಪಮಾನ ಬರೆದಿಡುತ್ತದೆ, ಆದರೆ ಅದು ಡಬ್ಬಿಯ ಒಳಗಿನದು. ಹೊರಗಿನದಕ್ಕೆ ಬೇರೆ ಥರ್ಮಾಮೀಟರೇ ಬೇಕು.

ಈಗ ಡಬ್ಬಿ ಸೋಲುವ ಜಾಗಗಳು.

ದೊಡ್ಡ ಸೋಲು ಅಂದರೆ ಗುಂಪು. ಐವತ್ತು ಗಂಡುಗಳು ಒಟ್ಟಿಗೆ ಕೂಗುವ ರಾತ್ರಿ ಕೊಳದ ಮಧ್ಯೆ ಇಟ್ಟರೆ ಸಿಗುವುದು ಒಂದು ಗೋಡೆಯಂಥ ಸದ್ದು. ಒಂದೇ ಮೈಕ್ ಇರುವುದರಿಂದ ಯಾವ ಸದ್ದು ಯಾವ ದಿಕ್ಕಿಂದ ಬಂತು ಅಂತ ಹೇಳೋಕೆ ಆಗುವುದಿಲ್ಲ. ನಮಗೆ ಎರಡು ಕಿವಿ ಇದೆ, ತಲೆ ತಿರುಗಿಸುತ್ತೇವೆ, ಆದ್ದರಿಂದ ಸ್ಥಳದಲ್ಲಿ ನಿಂತಾಗ ಸ್ವಲ್ಪವಾದರೂ ಬಿಡಿಸಿಕೊಳ್ಳುತ್ತೇವೆ. ಡಬ್ಬಿಗೆ ಅದಿಲ್ಲ. ಕಪ್ಪೆಗಳಿಗೆ ನಮಗಿಂತ ಒಳ್ಳೆಯ ಉಪಾಯ ಇದೆ. ಅಮೆರಿಕದ ಹಸಿರು ಮರಗಪ್ಪೆಯಲ್ಲಿ ಗಾಳಿ ತುಂಬಿದ ಶ್ವಾಸಕೋಶವೇ ಬೇರೆ ಜಾತಿಗಳ ಕೂಗಿನ ಎತ್ತರದಲ್ಲಿ ಕಿವಿದಮಟೆಯ ನಡುಕವನ್ನು ತಗ್ಗಿಸುತ್ತದೆ ಅಂತ 2021ರಲ್ಲಿ ಮಾರ್ಕ್ ಬೀ ತಂಡದವರು ತೋರಿಸಿದರು. ಬೇಡದ ಸದ್ದು ಕಡಿಮೆ ಮಾಡುವ ಹೆಡ್‌ಫೋನ್ ಅದರ ಎದೆಯಲ್ಲೇ ಇದೆ. ನಮ್ಮ ಡಬ್ಬಿಗೆ ಇರುವ ಒಂದೇ ಉಪಾಯ ಹತ್ತಿರ ಕಟ್ಟುವುದು. ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಬೇಕಾದ ಕಪ್ಪೆ ಒಂದು ಮೀಟರ್‌ನಲ್ಲಿ, ಉಳಿದವು ಎಂಟು ಮೀಟರ್ ಆಚೆ ಇದ್ದರೆ 18 ಡೆಸಿಬೆಲ್ ವ್ಯತ್ಯಾಸ. ಚಿತ್ರದಲ್ಲಿ ನಮ್ಮ ಕಪ್ಪೆ ಎದ್ದು ಕಾಣೋಕೆ ಅಷ್ಟು ಸಾಕು.

ಎರಡು ಡಬ್ಬಿ ಇಟ್ಟರೆ? ಎರಡನೇ ಮಳೆಗಾಲದಲ್ಲಿ ಅದನ್ನೂ ಮಾಡಿದೆ. ಇಬ್ಬರು ನೆರೆಯವರು, ಒಬ್ಬೊಬ್ಬನಿಗೆ ಒಂದೊಂದು ಡಬ್ಬಿ. ಯಾರು ಮೊದಲು ಕೂಗುತ್ತಾನೆ, ಇನ್ನೊಬ್ಬ ಎಷ್ಟು ಹೊತ್ತಿಗೆ ಉತ್ತರ ಕೊಡುತ್ತಾನೆ ಅಂತ ನೋಡುವ ಆಸೆ. ಇಲ್ಲಿ ಗಡಿಯಾರ ಕೈಕೊಟ್ಟಿತು. ಎರಡೂ ಡಬ್ಬಿಗೆ ಒಂದೇ ಸಮಯ ಕೊಟ್ಟಿದ್ದರೂ ಗಂಟೆ ಕಳೆದಂತೆ ಒಂದು ಮುಂದೆ ಒಂದು ಹಿಂದೆ ಆಗುತ್ತಾ ಹೋಯಿತು. ಬರೀ ಹತ್ತಿಪ್ಪತ್ತು ಮಿಲಿಸೆಕೆಂಡ್‌ಗಳ ವ್ಯತ್ಯಾಸ, ಆದರೆ ಕಪ್ಪೆಗಳ ಸರದಿಯ ಲೆಕ್ಕ ನಡೆಯುವುದೇ ಅಷ್ಟು ಸಣ್ಣ ಹೊತ್ತಿನಲ್ಲಿ. ಪರಿಹಾರ ಸುಲಭ. ಶುರುವಿನಲ್ಲಿ ಎರಡು ಡಬ್ಬಿಗೂ ಸಮ ದೂರದಲ್ಲಿ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ, ಮುಗಿಯುವಾಗ ಇನ್ನೊಂದು ಸಲ. ಆ ಎರಡು ಚಪ್ಪಾಳೆಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿದರೆ ಮಧ್ಯದ್ದೆಲ್ಲ ಸರಿಯಾಗಿ ಕೂರುತ್ತದೆ. ಡಬ್ಬಿಯ ಜೊತೆ ಬಂದ ಕೈಪಿಡಿಯಲ್ಲಿ ಈ ಮಾತೇ ಇರಲಿಲ್ಲ, ಇರಬೇಕಿತ್ತು.

ಹೊಂದಿಸಿ ನೋಡಿದಾಗ ಕಂಡಿದ್ದು ಒಬ್ಬನಾದ ಮೇಲೆ ಒಬ್ಬ ಕೂಗುವ ಸರದಿ. ಒಬ್ಬನ ಟಕ್ ಮುಗಿದ ಖಾಲಿಯಲ್ಲಿ ಇನ್ನೊಬ್ಬನ ಟಕ್. ಒಂದರ ಮೇಲೊಂದು ಬಿದ್ದರೆ ಹೆಣ್ಣಿಗೆ ಇಬ್ಬರದೂ ಸರಿಯಾಗಿ ಕೇಳುವುದಿಲ್ಲ, ಆದ್ದರಿಂದ ಎದುರಾಳಿಗಳಾದರೂ ಜಾಗ ಬಿಟ್ಟುಕೊಡುತ್ತಾರೆ. ಜಪಾನಿನ ಮರಗಪ್ಪೆಗಳಲ್ಲಿ ಇದನ್ನು ಇಕ್ಕ್ಯೂ ಐಹಾರಾ ಮತ್ತು ಜೊತೆಗಾರರು ತುಂಬಾ ಚೆಂದವಾಗಿ ತೋರಿಸಿದ್ದಾರೆ. ಅವರು ಬಳಸಿದ್ದು ರೆಕಾರ್ಡರ್ ಅಲ್ಲ. ಹತ್ತಿರದ ಸದ್ದಿಗೆ ಬೆಳಗುವ ಪುಟ್ಟ ದೀಪದ ಸಾಧನ. ಅದನ್ನು ಭತ್ತದ ಗದ್ದೆಯ ಬದುವಿನುದ್ದಕ್ಕೂ ಸಾಲಾಗಿ ಇಟ್ಟು, ಕತ್ತಲಲ್ಲಿ ವಿಡಿಯೋ ತೆಗೆದರು. ಕಪ್ಪೆ ಕೂಗಿದಾಗ ಅದರ ಹತ್ತಿರದ ದೀಪ ಮಿನುಗುತ್ತದೆ. ಅಕ್ಕಪಕ್ಕದ ಗಂಡುಗಳು ಸರದಿಯಲ್ಲಿ ಕೂಗುವುದು ದೀಪಗಳ ಮಿನುಗಿನಲ್ಲೇ ಕಾಣುತ್ತದೆ. 2014ರಲ್ಲಿ ಅದನ್ನು ಪ್ರಕಟಿಸಿದರು, ಆಮೇಲೆ ಇದೇ ಸರದಿಯ ಲೆಕ್ಕವನ್ನು ತಂತಿಯಿಲ್ಲದ ಸೆನ್ಸರ್‌ಗಳು ಒಂದರ ಸಂದೇಶಕ್ಕೆ ಇನ್ನೊಂದು ಡಿಕ್ಕಿ ಹೊಡೆಯದ ಹಾಗೆ ಕಳಿಸಲು ಬಳಸಬಹುದು ಅಂತಲೂ ತೋರಿಸಿದರು. ಗುಂಪಿನಲ್ಲಿ ಯಾರು ಎಲ್ಲಿ ಅಂತ ತಿಳಿಯಬೇಕಾದರೆ ಅಂಥ ಸಾಧನವೇ ಸರಿ. ನಮ್ಮ ಡಬ್ಬಿ ಆ ಕೆಲಸಕ್ಕೆ ಆಗುವುದಿಲ್ಲ.

ಇನ್ನೊಂದು ಕೊರತೆ, ಸದ್ದಿಲ್ಲದ ಕಪ್ಪೆಗಳು. ಹಸಿರು ಮರಗಪ್ಪೆಯಂಥ ಕೆಲವು ಜಾತಿಗಳಲ್ಲಿ ಕೆಲವು ಗಂಡುಗಳು ಕೂಗುವುದೇ ಇಲ್ಲ. ಜೋರಾಗಿ ಕೂಗುವವನ ಪಕ್ಕದಲ್ಲಿ ಮೈ ತಗ್ಗಿಸಿಕೊಂಡು ಸುಮ್ನೆ ಕೂತಿರುತ್ತವೆ, ಹೆಣ್ಣು ಬರುವಾಗ ಮಧ್ಯದಲ್ಲೇ ಹಿಡಿಯುತ್ತವೆ. ಡಬ್ಬಿಯ ಪಾಲಿಗೆ ಇವು ಇಲ್ಲವೇ ಇಲ್ಲ. ಒಂದು ರಾತ್ರಿ ಕೆಂಪು ಬೆಳಕಿನ ಟಾರ್ಚ್ ಹಿಡಿದು ಹೋದಾಗ ನನ್ನ ಕೊಂಬೆಯ ಗಂಡಿನಿಂದ ಗೇಣು ದೂರದಲ್ಲಿ ಇನ್ನೊಂದು ಕೂತಿತ್ತು. ಆ ವಾರದ ಯಾವ ರೆಕಾರ್ಡಿಂಗ್‌ನಲ್ಲೂ ಎರಡನೆಯವನ ಒಂದೇ ಒಂದು ಟಕ್ ಇಲ್ಲ. ಎಷ್ಟು ದಿನದಿಂದ ಇದ್ದನೋ, ಏನಾಯಿತೋ.

ಜಗಳದಲ್ಲೂ ಸದ್ದಿಲ್ಲದ ಭಾಗ ಇದೆ. ಕೆಂಪು ಕಣ್ಣಿನ ಮರಗಪ್ಪೆಯ ಫೋಟೋ ಎಲ್ಲರೂ ನೋಡಿರುತ್ತೀರಿ. ಅದರ ಗಂಡುಗಳು ಎದುರುಬದುರಾದಾಗ ಹಿಂಗಾಲುಗಳನ್ನು ಬೇಗ ಬೇಗ ಮಡಚಿ ಚಾಚಿ ಮೈ ನಡುಗಿಸುತ್ತವೆ. ಆ ನಡುಕ ಗಿಡದ ಮೂಲಕ ಎದುರಾಳಿಗೆ ಮುಟ್ಟುತ್ತದೆ. ಕಣ್ಣಿಗೆ ಕಾಣದಿದ್ದರೂ ಬರೀ ಗಿಡದ ನಡುಕಕ್ಕೇ ಎದುರಾಳಿ ಪ್ರತಿಕ್ರಿಯೆ ಕೊಡುತ್ತದೆ ಅಂತ 2010ರಲ್ಲಿ ಪನಾಮಾದಲ್ಲಿ ಮೈಕೆಲ್ ಕಾಲ್ಡ್‌ವೆಲ್, ಕರೆನ್ ವಾರ್ಕೆಂಟಿನ್ ಮತ್ತು ಜೊತೆಗಾರರು ಯಂತ್ರದಿಂದ ಗಿಡ ಅಲ್ಲಾಡಿಸಿ ತೋರಿಸಿದರು. ಗಾಳಿಯಲ್ಲಿ ಬರುವ ಸದ್ದನ್ನು ಮಾತ್ರ ಕೇಳುವ ಮೈಕ್‌ಗೆ ಇದು ಸಿಗುವುದಿಲ್ಲ. ಇನ್ನು ಕೈ ಮಿಲಾಯಿಸುವ ಜಾತಿಗಳೂ ಇವೆ. ಮಧ್ಯ ಅಮೆರಿಕದ ಗ್ಲಾಡಿಯೇಟರ್ ಕಪ್ಪೆಯ ಗಂಡಿಗೆ ಹೆಬ್ಬೆರಳ ಹತ್ತಿರ ಚೂಪಾದ ಮುಳ್ಳು ಇರುತ್ತದೆ. ನೀರಂಚಿನಲ್ಲಿ ಮಣ್ಣಿನ ಗುಂಡಿ ಮಾಡಿಕೊಂಡು ಅದನ್ನು ಕಾಯುತ್ತದೆ, ಬಂದವನ ಕಣ್ಣು, ಕಿವಿಗೆ ಗುರಿಯಿಟ್ಟು ಗೀರುತ್ತದೆ, ಸಾವೂ ಆಗುತ್ತದೆ. ನನ್ನ ರೆಕಾರ್ಡಿಂಗ್‌ನ ಆ ಬಡಿದ ಸದ್ದು, ನೀರಿಗೆ ಬಿದ್ದ ಸದ್ದು ಅಷ್ಟು ಭಯಾನಕದ್ದಾಗಿರಲಿಕ್ಕಿಲ್ಲ. ಬಹಳಷ್ಟು ಜಾತಿಗಳಲ್ಲಿ ತಳ್ಳಾಟ, ಒದೆತ, ಸೋತವನು ಜಾಗ ಬಿಟ್ಟು ಹೋಗುವುದು, ಅಷ್ಟೇ. ಆದರೂ ಸದ್ದಿನಿಂದ ಮಾತ್ರ ತೀರ್ಮಾನ ಮಾಡಬೇಡಿ. ವಾರಕ್ಕೆ ಒಂದು ರಾತ್ರಿಯಾದರೂ ಹೋಗಿ ಕಣ್ಣಾರೆ ನೋಡಿ.

ಮಳೆ ಬಗ್ಗೆ. ಡಬ್ಬಿಯ ಹೊರಕವಚ ನೀರು ತಡೆಯುತ್ತದೆ, ತೇವ ತಡೆಯುವುದಿಲ್ಲ. ಮೂರನೇ ವಾರಕ್ಕೆ ಒಳಗೆ ಹನಿ ಕೂತಿತ್ತು. ಸಿಲಿಕಾ ಜೆಲ್ ಪುಡಿಕೆ ಒಂದು ಹಾಕಿ, ಕಾರ್ಡ್ ಬದಲಾಯಿಸುವಾಗಲೆಲ್ಲ ಅದನ್ನೂ ಬದಲಾಯಿಸಿ. ಮೈಕಿನ ತೂತು ಕೆಳಮುಖವಾಗಿ ಇರುವ ಹಾಗೆ ಕಟ್ಟಿ, ಮೇಲ್ಮುಖ ಇದ್ದರೆ ಹನಿ ಬಿದ್ದ ಪ್ರತಿ ಸಲವೂ ಡಮ್ ಅಂತ ಬಡಿದು ಕಪ್ಪೆಯ ಕೂಗು ಕೇಳುವುದೇ ಇಲ್ಲ. ಎಲೆ ತಾಗುವ ಜಾಗ ಬೇಡ. ಇರುವೆ ಸಾಲು ಹೋಗುವ ಕೊಂಬೆಯಂತೂ ಬೇಡವೇ ಬೇಡ.

ಕೂಗು ಕೇಳಿಸಿದರೆ ಜಾತಿ ಹೇಳುವ ಆ್ಯಪ್‌ಗಳನ್ನೂ ಜೊತೆಗೆ ಬಳಸಿದೆ. ಮಾಮೂಲಿ ಕೂಗಿಗೆ ಪರವಾಗಿಲ್ಲ. ಸಿಟ್ಟಿನ ಕೂಗು ಕೊಟ್ಟಾಗ ಒಂದು ಆ್ಯಪ್ ಬೇರೆ ಜಾತಿಯ ಹೆಸರು ಹೇಳಿತು, ಇನ್ನೊಂದು ಹುಳ ಅಂದಿತು. ಜಗಳ ಹುಡುಕೋಕೆ ನಿಮ್ಮ ಕಣ್ಣು ಕಿವಿಯನ್ನೇ ನಂಬಿ.

ಒಂದು ಕೋರಿಕೆ. ರೆಕಾರ್ಡ್ ಮಾಡಿದ ಸಿಟ್ಟಿನ ಕೂಗನ್ನು ಅದೇ ಕಪ್ಪೆಗೆ ಸ್ಪೀಕರಿನಲ್ಲಿ ಕೇಳಿಸಿ ನೋಡುವ ಆಸೆ ಬರುತ್ತದೆ, ನನಗೂ ಬಂದಿತ್ತು. ಮಾಡಬೇಡಿ. ಅಧ್ಯಯನ ಮಾಡುವವರು ಲೆಕ್ಕ ಹಾಕಿ, ಅಗತ್ಯ ಇದ್ದಷ್ಟೇ ಮಾಡುತ್ತಾರೆ. ನಮ್ಮ ಕುತೂಹಲಕ್ಕೆ ಅದು ತನ್ನ ರಾತ್ರಿಯ ಶಕ್ತಿಯನ್ನೆಲ್ಲ ಇಲ್ಲದ ಎದುರಾಳಿಯ ಮೇಲೆ ಸುರಿಯಬೇಕಾಗುತ್ತದೆ. ಜಾಗ ಬಿಟ್ಟು ಓಡಿಹೋಗಲೂಬಹುದು. ಕೂಗುವ ಕಾಲ ಇರುವುದೇ ಕೆಲವು ವಾರ.

ಹಾಗಾದರೆ ಯಾರು ತಗೊಳ್ಳಬೇಕು? ಒಂದೇ ಕೊಂಬೆಗೆ, ಒಂದೇ ಪೊದೆಗೆ ತಿಂಗಳುಗಟ್ಟಲೆ ಅಂಟಿಕೊಳ್ಳುವ ತಾಳ್ಮೆ ಇದ್ದವರು. ಮಾರನೇ ದಿನ ಕೂತು ಕೇಳೋಕೆ ಹೊತ್ತು ಇದ್ದವರು. ನಾಲ್ಕು ಗಂಟೆ ರೆಕಾರ್ಡಿಂಗ್‌ಗೆ ನನಗೆ ಕನಿಷ್ಠ ಒಂದು ಗಂಟೆ ಕೆಲಸ ಹಿಡಿಯುತ್ತದೆ. ಸುಮ್ಮನೆ ಮಳೆ ರಾತ್ರಿಯ ಸದ್ದು ಚೆನ್ನಾಗಿ ಕೇಳಬೇಕು ಅನ್ನುವವರಿಗೆ ಎರಡು ಮೈಕ್ ಇರುವ ಕೈಯಲ್ಲಿ ಹಿಡಿಯುವ ರೆಕಾರ್ಡರ್ ವಾಸಿ, ಅದರಲ್ಲಿ ಎಡ ಬಲ ಗೊತ್ತಾಗುತ್ತದೆ, ಕೇಳೋಕೂ ಹಿತ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಗಡಿಯಾರಕ್ಕೆ ಮತ್ತು ತೇವಕ್ಕೆ.

ಇವತ್ತು ಮಧ್ಯಾಹ್ನದಿಂದ ಮಳೆ ಬಿಟ್ಟಿದೆ. ಸೆಲ್ ಬದಲಾಯಿಸಿ, ಪುಡಿಕೆ ಬದಲಾಯಿಸಿ ಡಬ್ಬಿ ಅದೇ ಕೊಂಬೆಗೆ ಕಟ್ಟಿ ಬಂದಿದ್ದೇನೆ, ಈ ಸಲ ಆ ಸದ್ದಿಲ್ಲದವನು ಕೂತಿದ್ದ ಜಾಗಕ್ಕೆ ಹತ್ತಿರ. ದೊಡ್ಡವನು ಎಲ್ಲಾದರೂ ಹೋದ ರಾತ್ರಿ ಅವನು ಬಾಯಿ ಬಿಡುತ್ತಾನಾ ಅಂತ ಕೇಳಬೇಕು. ತಮ್ಮ ಆಗಲೇ ಎರಡು ಸಲ ಫೋನ್ ಮಾಡಿ ಕೇಳಿದ, "ಅಕ್ಕಾ, ಕಾರ್ಡ್ ಹಾಕಿದೆ ತಾನೆ?"